ಕೆಚ್ಚುವ ದಿನ

ಮುಂದಿನ ಸೀಟಿನ ಹೆಂಗಸು ಕಿಟಕಿಯ ಗಾಜು ಮುಚ್ಚಿದ್ದು ತನಗಾಗಿಯೇ ಇರಬೇಕು, ಗಾಳಿಗೆ ಹಾರುತ್ತಿದ್ದ ತನ್ನ ಸೆರಗನ್ನು ಅವಳು ತಿರುಗಿ ನೋಡಿದ್ದಳಲ್ಲ, ನೋಡಿ, ಏನೂ ಹೇಳದೆ ಗಾಜು ಎಳೆದಳು, ಮೊಳಕಾಲ್ಮುರು ಬಿಟ್ಟೊಡನೆ ಗುಡ್ಡಗಳ ನಡುವೆ ಬೀಸುವ ಈ ಒಣಗಾಳಿ ಮುದುಕಿಯ ಕಿವಿಗೆ ಒಳ್ಳೆಯದಲ್ಲ ಎಂದುಕೊಂಡಿರಬೇಕು — ಅಥವಾ ಮಡಿಲ ಮಗುವಿಗಾಗಿ, ಮಡಿಲಲ್ಲಿ ಮಗು ಎಲ್ಲಿದೆ, ಹುಣಸೆಹಣ್ಣಿನ ಚೀಲವಿದೆ, ಹಾಗಾದರೆ ತನಗಾಗಿಯೇ, ಆದರೆ ಯಾಕೆ, ನನ್ನಿಂದ ಇವಳಿಗೇನು ಆಗಬೇಕು, ಎಂದು ಸರ್ವಮಂಗಳಮ್ಮನ ಮನಸ್ಸು ಕೇಳಿಯೇಬಿಟ್ಟಿತು, ಕೇಳಿದ್ದಕ್ಕೆ ನಾಚಿಕೊಂಡಿತು. ಇದೊಂದು ರೋಗವೇ ಆಗಿದೆ ಈಚೆಗೆ, ಯಾರಾದರೂ ಒಂದು ಲೋಟ ನೀರು ಕೊಟ್ಟರೂ ಲೋಟದ ಹಿಂದೆ ಏನಿದೆ ಎಂದು ನೋಡುವುದು, ಮೊದಲು ಹೀಗಿರಲಿಲ್ಲ, ಚಳ್ಳಕೆರೆಯಲ್ಲಿ ಹೆಣ್ಣುಮಕ್ಕಳಿಗೆ ಇತಿಹಾಸ ಪಾಠ ಹೇಳುವಾಗ ಹೊಟ್ಟೆನೋವು ಎಂದರೆ ಹೊಟ್ಟೆನೋವೇ, ಅಜ್ಜಿ ಸತ್ತಳು ಎಂದರೆ ಸತ್ತಳೇ, ಒಬ್ಬಳ ಅಜ್ಜಿ ವರ್ಷಕ್ಕೊಮ್ಮೆ ಸತ್ತರೂ ಪ್ರತಿ ಸಲ ಮರುಗಿದ್ದಳು, ನಿವೃತ್ತಿಯಾದ ಮೇಲೆ ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಸಮಿತಿಯ ಓಂಕಾರಮೂರ್ತಿ ಮನೆಗೆ ಬಂದು, ಮೇಡಂ, ನಮ್ಮ ಮಕ್ಕಳಿರೋ ಕಡೆಯೆಲ್ಲ ಹೋಗಿ ನೋಡ್ಕೊಂಡು ಬರೋಕೆ ಒಬ್ರು ಹಿರಿಯರು ಬೇಕು, ಆದ್ರೆ ಒಂದು ಮಾತು, ನಂಬಬ್ಯಾಡ್ರಿ, ನಂಬೋಕೆ ಬೇರೆ ಜನ ಅದಾರೆ, ನೀವು ಅನುಮಾನ ಪಡ್ರಿ ಅಂದರು, ಅಂದು ಚಹಾ ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಹೋದರು, ಆ ಲೋಟ ತೊಳೆದಿಟ್ಟದ್ದಕ್ಕೇ ಅವಳು ಒಪ್ಪಿದ್ದು. ಈಗ ಅನುಮಾನ ಬಂದಿದೆ, ಚೆನ್ನಾಗಿ ಬಂದಿದೆ, ಬಸ್ಸು ಚಳ್ಳಕೆರೆ ಮುಟ್ಟುವುದರೊಳಗೆ ಓಂಕಾರಮೂರ್ತಿಯ ಫೋನು ಬರುತ್ತದೆ, ಸಂಜೆ ಸಮಿತಿ ಕೂರುತ್ತದೆ, ಒಂದು ಮಾತು ಹೇಳಬೇಕು — ಕಾಂಚನಾ ಈಗಿರುವ ಮೊಳಕಾಲ್ಮುರಿನ ನೇಕಾರರ ಮನೆಯಲ್ಲೇ ಮಗಳಾಗಿ ಉಳಿಯಬೇಕೋ, ಚಳ್ಳಕೆರೆಯ ಹೆಣ್ಣುಮಕ್ಕಳ ಹೋಮಿಗೆ ವಾಪಸು ಬರಬೇಕೋ, ಹದಿನೈದರ ಹುಡುಗಿ, ಇನ್ನು ದೊಡ್ಡವಳಾಗುವ ತನಕ ಇದೇ, ಇದೊಂದೇ ಮಾತು, ಆ ಮಾತು ಈಗ ಇವಳ ಬಾಯಲ್ಲಿದೆ, ನುಂಗಲಾಗದ ಬಿಸಿ ತುತ್ತಿನ ಹಾಗೆ.

ಹೋಮು ಎಂದರೆ ಎಣ್ಣೆ ಮಿಲ್ಲಿನ ಹಿಂದಿನ ಆ ಎರಡಂತಸ್ತಿನ ಕಟ್ಟಡ, ಒಳಗೆ ಹೋದರೆ ಬಟ್ಟೆಗೂ ಶೇಂಗಾ ಹಿಂಡಿಯ ವಾಸನೆ ಹತ್ತುತ್ತದೆ, ಮನೆಗೆ ಬಂದು ಸೀರೆ ಬದಲಿಸಿದರೂ ಕೂದಲಲ್ಲಿ ಉಳಿದಿರುತ್ತದೆ, ಸಾಲಾಗಿ ಕಬ್ಬಿಣದ ಮಂಚಗಳು, ರಾತ್ರಿ ಹೊರಗಿನಿಂದ ಹಾಕುವ ಚಿಲಕ, ಹೊರಗಿನಿಂದ ಯಾಕೆ ಪವಿತ್ರಾ ಎಂದು ವಾರ್ಡನ್ನಳನ್ನು ಕೇಳಿದ್ದಕ್ಕೆ ಅವಳು, ಒಳಗಿಂದ ಹಾಕಿದ್ರೆ ಅವ್ರೇ ತೆಕ್ಕಂಡು ಹೋಗ್ತಾರಲ್ರೀ ಮೇಡಂ ಎಂದು ನಕ್ಕಿದ್ದಳು, ಸುಳ್ಳಲ್ಲ, ಕಾಂಚನಾ ಹಾಗೆ ಹೋದವಳೇ, ಉಳ್ಳಾರ್ತಿ ಕಾವಲಿನ ಕಡೆ ಅವ್ವ ದನ ಕಾಯುತ್ತಿದ್ದ ಬಯಲನ್ನು ಹುಡುಕಿಕೊಂಡು, ಅವ್ವ ಸತ್ತು ಎಷ್ಟೋ ಕಾಲವಾಗಿತ್ತು, ಬಯಲಿಗೂ ಈಗ ಬೇಲಿ, ಬೇಲಿಯ ಪಕ್ಕ ಕೂತಿದ್ದವಳನ್ನು ಕರೆತಂದ ದಿನ ಊಟದ ತಟ್ಟೆ ಎಸೆದು ಕಿಟಕಿಯ ಗಾಜು ಒಡೆದಳು, ಇನ್ನೊಬ್ಬಳ ಹಣೆಗೆ ಲೋಟದಲ್ಲಿ ಹೊಡೆದಳು, ಯಾಕೆ ಹೊಡೆದೆ ಎಂದರೆ, ನನ್ ಮಂಚದ ಮ್ಯಾಲೆ ಕುಂತ್ಳು ಅಂದಳು, ಅಷ್ಟೇ. ಆದರೂ ಅಲ್ಲೇ ಅಡುಗೆಯ ತಿಪ್ಪಮ್ಮ ಇದ್ದಳಲ್ಲ, ಯಾವಳ್ಲೇ ಅದು, ರೊಟ್ಟಿ ಸುಡಾಕೆ ಬಾರದ ಮಹಾರಾಣಿ, ಎಂದು ಕೂಗುತ್ತ ಕಾಂಚನಾಳ ಕೈಗೆ ಚಿಮಟ ಕೊಟ್ಟವಳು, ಒಲೆಯ ಮುಂದೆ ತನ್ನ ಪಕ್ಕ ಕೂರಿಸಿಕೊಂಡವಳು, ಗುರುವಾರ ರೊಟ್ಟಿಯ ಪಾಳಿ ಕಾಂಚನಾಳದು, ಮಣಿಕಟ್ಟಿನ ಮೇಲೆ ಹೆಂಚು ತಾಗಿದ ಕಂದು ಕಲೆ, ಅದನ್ನು ಅವಳು ಬಳೆ ತೋರಿಸುವ ಹಾಗೆ ತೋರಿಸಿದ್ದಳು, ನಂದೇ ಪಾಳೀಲಿ ಆದದ್ದಜ್ಜಿ. ಹೋಮಿನಲ್ಲಿ ಅನುಮಾನಕ್ಕೆ ಕೆಲಸವೇ ಇಲ್ಲ, ಪವಿತ್ರಾ ಅನ್ನ ಹಾಕುವುದು ಅವಳ ನೌಕರಿ, ಚಿಲಕ ಹಾಕುವುದು ನೌಕರಿ, ಒಮ್ಮೊಮ್ಮೆ ತಲೆ ಸವರಿದರೆ ಅದು ನೌಕರಿಯ ಮೇಲಿನ ಕೊಸರು, ಕೊಸರನ್ನು ಯಾರು ಅನುಮಾನಿಸುತ್ತಾರೆ — ಮನೆ ಹಾಗಲ್ಲ, ಮನೆಯವರು ಯಾಕೆ ಅನ್ನ ಹಾಕುತ್ತಾರೆ, ಬೇರೆಯವರ ಹೊಟ್ಟೆಯಲ್ಲಿ ಹುಟ್ಟಿದ, ತಟ್ಟೆ ಎಸೆಯುವ, ಬೆಳೆದ ಹುಡುಗಿಯನ್ನು ಯಾವ ಮನೆಯವರಾದರೂ ಯಾಕೆ ಒಳಗೆ ಕರೆದುಕೊಳ್ಳುತ್ತಾರೆ, ಅದರಲ್ಲೂ ನೇಕಾರರ ಮನೆ, ಅದರಲ್ಲೂ ಮಗ್ಗದಲ್ಲಿ ಒಂದು ಜಾಗ ಖಾಲಿ ಇರುವ ಮನೆ.

ಆ ಖಾಲಿ ಜಾಗವನ್ನು ಸರ್ವಮಂಗಳಮ್ಮ ಮೊದಲ ಭೇಟಿಯಲ್ಲೇ ನೋಡಿದ್ದಳು, ಮನೆಯ ಯಜಮಾನ ನಾಗಭೂಷಣ ನೇಯುವುದು ಮೂರು ಲಾಳಿಯ ಸೀರೆ, ಒಡಲು ಒಂದು ಬಣ್ಣ ಅಂಚು ಒಂದು ಬಣ್ಣ, ಅತ್ತಕಡೆಯ ಅಂಚಿನ ಲಾಳಿಯನ್ನು ಹಿಡಿದು ಕೊಡಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು, ಎಳೆಯ ಬೆರಳಾದರೆ ಒಳ್ಳೆಯದು, ಮೊದಲು ಅವನ ಅಕ್ಕನ ಮಗ ಕೂರುತ್ತಿದ್ದನಂತೆ, ಬಳ್ಳಾರಿಗೆ ಹೋದನಂತೆ, ಈಗ ಯಾರು ಕೂರುತ್ತಾರೆ ಎಂದು ಕೇಳಿದಾಗ ನಾಗಭೂಷಣ ತಲೆ ತಗ್ಗಿಸಿ, ಅನಸೂಯಾನೇ ಕೂರ್ತಾಳ್ರಿ, ಅಡಿಗಿ ಮುಗಿದ ಮ್ಯಾಲೆ, ಅಂದ, ಅವನ ಹೆಂಡತಿ ಅನಸೂಯ ಹೌದೆಂದು ತಲೆಯಾಡಿಸಿದಳು, ಓಂಕಾರಮೂರ್ತಿ ಅಲ್ಲೇ ಗಟ್ಟಿಯಾಗಿ, ನೋಡಪ್ಪ, ಹುಡುಗಿ ಕೈ ಮಗ್ಗಕ್ಕೆ ತಾಗಬಾರ್ದು, ಹುಷಾರು ಅಂದರು, ಸರ್ವಮಂಗಳಮ್ಮನೂ ಪಕ್ಕದಲ್ಲಿ ನಿಂತು ಹೂಂ ಎಂದಳು, ಸರಿಯಾದ ಮಾತೇ, ಈ ಊರಲ್ಲಿ ಎಷ್ಟು ಮಕ್ಕಳ ಶಾಲೆ ಮಗ್ಗದ ಕಾಲಡಿಯ ಆ ಗುಂಡಿಯೊಳಗೆ ಇಳಿದು ಹೋಗಿದೆ. ಆಮೇಲಿನ ಪ್ರತಿ ಭೇಟಿಯಲ್ಲೂ ಅವಳು ಮಾಡಿದ್ದು ಒಂದೇ, ಬಾ ಕೂಸೇ ಎಂದು ಕಾಂಚನಾಳ ಕೈ ಹಿಡಿದುಕೊಳ್ಳುವುದು, ಪ್ರೀತಿಯಿಂದ ಹಿಡಿದ ಹಾಗೆ ಹಿಡಿದು ಬೆರಳ ತುದಿಗಳನ್ನು ಸವರುವುದು, ರೇಷ್ಮೆ ಎಳೆ ಕೊಯ್ದ ಗೀರು ಇದೆಯೇ, ಬಣ್ಣ ಇದೆಯೇ, ದಡ್ಡು ಕಟ್ಟಿದೆಯೇ, ಇಲ್ಲ, ಏನೂ ಇಲ್ಲ, ಹೂವಿನಂಥ ಬೆರಳು, ಹೆಂಚಿನ ಕಲೆಯೂ ಮಾಸುತ್ತ ಬಂದಿತ್ತು, ಇವತ್ತು ಬೆಳಿಗ್ಗೆಯೂ ಹಾಗೇ, ಬಾಗಿಲಲ್ಲೇ ಸವರಿ ನೋಡಿದಳು, ಸಮಾಧಾನವಾಯಿತು, ಸಮಾಧಾನವಾದದ್ದಕ್ಕೇ ಅನುಮಾನವೂ ಆಯಿತು, ಇಷ್ಟು ಸ್ವಚ್ಛ ಯಾಕೆ, ಒಂದು ಮನೆಯಲ್ಲಿ ಇರುವ ಹುಡುಗಿಯ ಬೆರಳು ಇಷ್ಟು ಸ್ವಚ್ಛ ಇರುತ್ತದೆಯೇ. ಊಟಕ್ಕೆ ಮೊದಲ ತಟ್ಟೆ ಕಾಂಚನಾಳಿಗೆ, ಹಪ್ಪಳ ದೊಡ್ಡದು ಅವಳಿಗೆ, ಅನಸೂಯಳ ಮಗಳು ಶ್ರುತಿ, ಎಂಟರ ಹುಡುಗಿ, ಹಪ್ಪಳ ಕಿತ್ತುಕೊಳ್ಳಲು ಹೋದರೆ ಅವಳ ಬೆನ್ನಿಗೊಂದು ಗುದ್ದು, ಕಾಂಚನಾಳಿಗೆ ಮಾತ್ರ, ಇನ್ನಷ್ಟು ಹಾಕ್ಲಾ, ಬ್ಯಾಡಾ, ನಾಚ್ಕಬ್ಯಾಡ, ನಾಗಭೂಷಣ ಹೆಂಡತಿಯ ಜತೆ ತೆಲುಗಿನಲ್ಲಿ ಆಡುತ್ತಿದ್ದ ಮಾತನ್ನು ಕಾಂಚನಾ ಬಂದ ತಕ್ಷಣ ಕನ್ನಡಕ್ಕೆ ತಿರುಗಿಸಿದ, ಅವಳಿಗೆ ಅರ್ಥವಾಗಲಿ ಎಂಬ ದಯೆಯೋ, ಅರ್ಥವಾಗಬಾರದ್ದು ಏನೋ ಇತ್ತೋ — ಎರಡನ್ನೂ ಸರ್ವಮಂಗಳಮ್ಮ ಮನಸ್ಸಿನಲ್ಲಿ ಹಾಕಿಕೊಂಡಳು, ದಯೆಯನ್ನೂ, ಬೇರೆಯದನ್ನೂ. ಇವತ್ತು ಮಗ್ಗ ಸದ್ದು ಮಾಡುತ್ತಿರಲಿಲ್ಲ, ಉದ್ದೆಳೆಗಳ ಹಳೆಯ ಹಾಸು ಮುಗಿದು ಹೊಸದು ಏರಿತ್ತು, ಹಳೆಯದರ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವ ದಿನ, ಕೆಚ್ಚುವುದು ಅಂತಾರ್ರೀ ಇದಕ್ಕೆ ಎಂದಳು ಅನಸೂಯ, ಬೆರಳು ಜಾರದಿರಲೆಂದು ಬಟ್ಟಲಲ್ಲಿ ಬೂದಿ, ಕೆಲಸ ತಿಳಿದವರು ಒಬ್ಬರೇ ಕೂತು ರಾತ್ರಿಯ ತನಕ ಮಾಡುವಂಥದ್ದು, ಆದರೆ ಶುರುವಿನ ಎಳೆಗಳನ್ನು ಮನೆಯಲ್ಲಿರುವ ಎಲ್ಲರೂ ಒಂದೊಂದು ಕೆಚ್ಚಬೇಕು, ನಮ್ ಮನೀ ಪದ್ಧತಿ, ಯಾರ ಕೈ ತಪ್ಪಿದ್ರೂ ಆ ಸೀರೆ ಸರಿಯಾಗಲ್ಲ, ನಾಗಭೂಷಣ ಒಂದು ಕೆಚ್ಚಿದ, ಅನಸೂಯ ಒಂದು, ಶ್ರುತಿ ನಾಲಿಗೆ ಹೊರಗೆ ಚಾಚಿಕೊಂಡು ಒಂದು, ಕಣ್ಣು ಕಾಣದ ಅಜ್ಜಿ ಚೌಡಮ್ಮನ ಕೈ ಹಿಡಿದು ಅವಳದೂ ಒಂದು, ಮುದುಕಿ, ಆಯ್ತೇನ್ರೇ, ನಂದು ಬಿಗಿ ಐತಾ, ಎಂದು ಕೇಳಿದಳು, ಎಲ್ಲರೂ ನಕ್ಕರು, ಆ ನಗುವಿನ ನಡುವೆ ಕಾಂಚನಾ ಯಾವಾಗ ಮಗ್ಗದ ಕೋಣೆಯ ಹೊಸ್ತಿಲು ದಾಟಿ ಬಂದಳೋ, ಯಾವಾಗ ಬಟ್ಟಲಿಗೆ ಬೆರಳು ಅದ್ದಿದಳೋ, ಬೂದಿ ಹತ್ತಿದ ಬೆರಳುಗಳನ್ನು ಎಳೆಗಳ ಮೇಲೆ ಚಾಚಿದ್ದಳು — ಅನಸೂಯ ತಲೆಯೆತ್ತಿ ನೋಡಿದ್ದು ಕಾಂಚನಾಳನ್ನಲ್ಲ, ಬಾಗಿಲಲ್ಲಿ ಕೂತಿದ್ದ ಸರ್ವಮಂಗಳಮ್ಮನನ್ನು, ನೋಡಿ, ಗಾಬರಿಯಾಗಿ, ನುವ್ವೊದ್ದಮ್ಮಾ, ನೀನು ಬ್ಯಾಡ, ನೀನು ಮುಟ್ಟಬ್ಯಾಡ, ಅಂದಳು, ಕೈ ನಿಂತಿತು, ಎಳೆಗಳ ಮೇಲೆ, ಮುಟ್ಟದೆ, ಗಾಳಿಯಲ್ಲಿ.

ಆಮೇಲೆ ಆ ಕೈ ಏನಾಯಿತು, ಲಂಗಕ್ಕೆ ಒರೆಸಿಕೊಂಡಳೋ, ತೊಳೆದಳೋ, ನೋಡಲಿಲ್ಲ, ಅನಸೂಯ ಚಹಾ ತಂದಳು, ಸರ್ವಮಂಗಳಮ್ಮ ಕುಡಿದು ಎದ್ದಳು, ಬಸ್ ನಿಲ್ದಾಣದ ತನಕ ಕಾಂಚನಾಳೇ ಚೀಲ ಹಿಡಿದು ಬಂದಳು, ಕೊಡೇ, ಭಾರವಿಲ್ಲ ಎಂದರೂ ಕೊಡಲಿಲ್ಲ, ಮುದುಕಿಯ ನಡಿಗೆಗೆ ತನ್ನ ನಡಿಗೆಯನ್ನು ಸಣ್ಣದು ಮಾಡಿಕೊಂಡು, ಬಿಸಿಲು ಇವಳ ಕಡೆ ಬೀಳದ ಹಾಗೆ ತಾನು ಹೊರಗಿನ ಮಗ್ಗುಲಿಗೆ ನಡೆಯುತ್ತ, ಇದನ್ನು ಯಾರು ಕಲಿಸಿದರು ಈ ಹುಡುಗಿಗೆ, ಹೋಮಿನಲ್ಲಂತೂ ಅಲ್ಲ, ದಾರಿಯಲ್ಲಿ ಒಂದು ಸೀರೆ ಅಂಗಡಿಯ ಮುಂದೆ ನಿಂತು, ತಿರುಗದೆ, ಅಜ್ಜಿ, ನಾನು ನಿಮ್ ಜೊತೀಗೇ ಬರ್ತೀನಿ ಅಂದಳು. ಎಲ್ಲಿಗೆ. ಹೋಮಿಗೆ. ಯಾಕೆ, ಯಾರಾದರೂ ಹೊಡೆದರಾ. ಇಲ್ಲ. ಬೈದರಾ. ಇಲ್ಲ, ಬೈಯದೇ ಇಲ್ಲ ಅಜ್ಜಿ, ಅದೇ, ಶ್ರುತಿಗೆ ಬೈತಾರೆ, ಕತ್ತೆ ಅಂತಾರೆ, ಹಂದಿ ಅಂತಾರೆ, ನನಗೆ ಒಂದಿನಾನೂ ಕತ್ತೆ ಅಂದಿಲ್ಲ. ನಗು ಬಂತು, ನಗಲಿಲ್ಲ. ನಾಗಭೂಷಣ ಏನಾದರೂ — ಮಾತನ್ನು ಹೇಗೆ ಕೇಳುವುದು, ಕೇಳದೆ ಇರುವುದು ಹೇಗೆ — ಯಾವಾಗಲಾದರೂ ನೀನು ಒಬ್ಬಳೇ ಇದ್ದಾಗ, ಏನಾದರೂ. ಕಾಂಚನಾ ಮೊದಲ ಸಲ ಇವಳ ಮುಖ ನೋಡಿದಳು, ನೇರವಾಗಿ, ಥೂ, ಇಲ್ಲಜ್ಜಿ, ಮಾವ ನಾನಿದ್ರೆ ಒಳಗೂ ಬರಲ್ಲ, ಹೊರಗಿಂದ ಕೆಮ್ಮತೈತೆ. ಸುಳ್ಳು ಹೇಳುತ್ತಿದ್ದಾಳೆಯೇ, ಹೇಳಬಲ್ಲಳು, ಹೋಮಿನಲ್ಲಿ ಹೊಟ್ಟೆನೋವಿನ ನಾಟಕ ಆಡಿ ಪವಿತ್ರಾಳನ್ನೇ ಅಳಿಸಿದ್ದವಳು, ಆದರೆ ಈ ಕಣ್ಣು ಆ ಕಣ್ಣಲ್ಲ, ಹಾಗೆಂದು ನಿನಗೆ ಹೇಗೆ ಗೊತ್ತು ಸರ್ವಮಂಗಳಾ, ಅಜ್ಜಿಯರನ್ನು ವರ್ಷವರ್ಷ ಸಾಯಿಸಿದ ಹುಡುಗಿಯರ ಕಣ್ಣೂ ಹೀಗೇ ಇದ್ದವು. ಮತ್ತೆ ಹೋಮಿನಲ್ಲಿ ಏನಿದೆ ನಿನಗೆ, ಚಿಲಕ ಹಾಕುತ್ತಾರಲ್ಲ. ಎಲ್ರಿಗೂ ಹಾಕ್ತಾರಲ್ಲ ಅಜ್ಜಿ, ನನಗೊಬ್ಳಿಗೇ ಏನಲ್ಲ, ಅಲ್ಲಿ ನಂದು ಮಂಚ ಐತೆ, ಪಾಳಿ ಐತೆ, ನಾನು ಇಲ್ದಿದ್ರೆ ಗುರುವಾರ ರೊಟ್ಟಿ ಆಗಲ್ಲ, ಇಲ್ಲಿ ನಾನು ಇಲ್ದಿದ್ರೂ ಎಲ್ಲ ಆಗತೈತೆ, ನೆಂಟರ ಮನೀಗೆ ಬಂದಂಗೆ ಐತೆ, ಎಷ್ಟು ದಿನ ನೆಂಟರ ಮನೇಲಿ ಇರೋದು. ಬಸ್ಸು ಬಂತು, ಹತ್ತುವಾಗ ಹುಡುಗಿ ಹಿಂದಿನಿಂದ ಮೊಣಕೈಗೆ ಆಸರೆ ಕೊಟ್ಟಳು, ಸೀಟಿನಲ್ಲಿ ಕೂತ ಮೇಲೆ ಸರ್ವಮಂಗಳಮ್ಮ ನೋಡಿಕೊಂಡಳು, ತೋಳಿನ ಮೇಲೆ, ರವಿಕೆಯ ಅಂಚಿನ ಹತ್ತಿರ, ಬೂದಿಯ ಮೂರು ಸಣ್ಣ ಗುರುತು, ತೊಳೆದಿರಲಿಲ್ಲ ಹಾಗಾದರೆ, ಇಷ್ಟು ಹೊತ್ತೂ ಆ ಬೆರಳುಗಳನ್ನು ಹಾಗೇ ಇಟ್ಟುಕೊಂಡಿದ್ದಳು.

ಬಿ.ಜಿ. ಕೆರೆ ದಾಟಿತು, ಹುಣಸೆ ಚೀಲದ ಹೆಂಗಸು ಇಳಿದುಹೋದಳು, ಇಳಿಯುವ ಮುಂಚೆ, ಅಜ್ಜಿ, ಗಾಜು ತೆಗೀಲಾ ಹಂಗೇ ಇರ್ಲಾ ಎಂದು ಕೇಳಿದಳು, ಇರಲಮ್ಮಾ, ಅಷ್ಟೇ, ಅವಳಿಗೆ ಏನೂ ಬೇಕಾಗಿರಲಿಲ್ಲ, ಜನರಿಗೆ ಏನೂ ಬೇಕಾಗಿಲ್ಲದೆಯೂ ಇರಬಹುದು, ಇರಬಹುದು, ಆದರೆ ಅತ್ತಕಡೆಯ ಲಾಳಿಗೆ ಕೈ ಬೇಕಲ್ಲ, ಮೂರನೆಯ ಲಾಳಿ ತಾನಾಗಿ ಬರುವುದಿಲ್ಲ, ಇವತ್ತು ಒಂದು ಎಳೆ ಕೆಚ್ಚಲಿ ಎಂದರೆ ನಾಳೆ ಶಾಲೆ ಬಿಟ್ಟ ಮೇಲೆ ಸ್ವಲ್ಪ ಕೂರಲಿ, ಆಮೇಲೆ ರಜೆಯಲ್ಲಿ ಕೂರಲಿ, ಆಮೇಲೆ ಪರೀಕ್ಷೆಯಲ್ಲಿ ಫೇಲಾದಳಲ್ಲ, ಇನ್ನೇನು, ಕೂರಲಿ, ಬೆನ್ನು ಬಾಗಲಿ, ಯಾರೂ ಕೆಟ್ಟವರಲ್ಲದೆಯೂ ಹೀಗೆ ಆಗಿಬಿಡುತ್ತದೆ, ಅನಸೂಯಳ ಬೆನ್ನೂ ಹೀಗೇ ಬಾಗಿದ್ದು, ಅವಳನ್ನು ಯಾವ ಸಮಿತಿ ಕೇಳಿತ್ತು. ಹೋಮಿನಲ್ಲಿ ಇದಾಗುವುದಿಲ್ಲ, ಹೋಮಿನಲ್ಲಿ ಹದಿನೆಂಟಾದ ದಿನ ಬಾಗಿಲು ತೆಗೆಯುತ್ತಾರೆ, ಹೊರಗಿನ ಚಿಲಕವನ್ನು ಹೊರಗಿನಿಂದಲೇ ತೆಗೆದು, ಹೋಗಮ್ಮ, ಎನ್ನುತ್ತಾರೆ, ಮಂಚಕ್ಕೆ ಇನ್ನೊಬ್ಬಳು ಬರುತ್ತಾಳೆ, ಗುರುವಾರಕ್ಕೆ ಇನ್ನೊಬ್ಬಳು, ಆಗ ಎಲ್ಲಿಗೆ ಹೋಗುತ್ತಾಳೆ, ಬೇಲಿ ಹಾಕಿದ ಬಯಲಿಗೆ. ಫೋನು ಬಂತು. ಏನ್ ಮೇಡಂ, ನೋಡಿದ್ರಾ, ಏನ್ ಹೇಳ್ಲಿ ಸಂಜೆ, ಮನೆಯೋ ಹೋಮೋ. ಹುಡುಗಿ ಹೋಮಿಗೆ ಬರುತ್ತೇನೆ ಅಂತಾಳೆ. ಸರಿ ಬಿಡ್ರಿ, ಮುಗೀತಲ್ಲ. ಮುಗಿದಿಲ್ಲ, ಆ ಮನೆಯವರು ಮಗ್ಗದ ಹತ್ತಿರ ಅವಳನ್ನು ಬಿಡುತ್ತಿಲ್ಲ. ಒಳ್ಳೇದಾತಲ್ರೀ, ನಾವೇ ಹೇಳಿದ್ದಲ್ಲ ಅದು. ನಾವೇ ಹೇಳಿದ್ದು, ಅವರು ಹೆದರಿಕೊಂಡು ಹೊಸ್ತಿಲನ್ನೇ ಗೆರೆ ಮಾಡಿಕೊಂಡಿದ್ದಾರೆ, ಮಗ್ಗದ ಆ ಕಡೆ ಮನೆ, ಈ ಕಡೆ ಇವಳು — ಹೇಗೆ ಹೇಳುವುದು ಬಸ್ಸಿನ ಸದ್ದಿನಲ್ಲಿ, ಮನೆಯವರೆಲ್ಲ ಒಂದೊಂದು ಎಳೆ ಕೆಚ್ಚುತ್ತಾರೆ ಓಂಕಾರಮೂರ್ತಿ, ಕೂಲಿಯಲ್ಲ ಅದು, ಒಂದೇ ಎಳೆ, ಅವಳದೊಂದು ಇರಬೇಕು, ಆ ಮನೆಯಲ್ಲೇ ಇರಲಿ ಅವಳು, ಎಂದುಬಿಟ್ಟಳು. ಒಂದೆಳೆ ಅಂತ ಶುರುವಾಗತೈತೆ ಮೇಡಂ, ನಾಳೆ ಗುಂಡೀಲಿ ಕೂರಿಸಿದ್ರೆ ಯಾರ್ರೀ ಜವಾಬ್ದಾರಿ. ನಾನು, ಎಂದಳು, ಎಂದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು, ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ, ವಾರ ವಾರ ಹೋಗಿ ಬೆರಳು ಸವರಿ ನೋಡುತ್ತೇನೆ, ಶಾಲೆಯಲ್ಲಿ ಕೇಳುತ್ತೇನೆ, ಅನುಮಾನ ಬಿಡುವುದಿಲ್ಲ. ಸರಿ ಮೇಡಂ, ನೀವು ಹೇಳಿದ್ರೆ ಸರಿ, ಮಂಡೀಗೆ ಎಣ್ಣೆ ಹಚ್ಕಳ್ರಿ ಎಂದು ಓಂಕಾರಮೂರ್ತಿ ಫೋನು ಇಟ್ಟರು.

ಆ ಬಿಸಿಯಲ್ಲೇ ಅನಸೂಯಳಿಗೆ ಫೋನು ಮಾಡಿದಳು, ಸಂಜೆಯ ತನಕ ಕಾದರೆ ಧೈರ್ಯ ಆರಿಹೋಗುತ್ತದೆ, ಏನಮ್ಮಾ, ಕೆಚ್ಚುವುದು ಮುಗಿಯಿತಾ. ಇಲ್ರೀ ಮೇಡಮ್ನೋರೆ, ಅರ್ಧನೂ ಆಗಿಲ್ಲ, ಯಾಕ್ರೀ, ಏನಾರ ತಪ್ಪಾತೇನ್ರೀ, ನಾನು ಮುಟ್ಟಬ್ಯಾಡ ಅಂತ ಹೇಳಿದ್ದೆ, ನೀವೇ ನೋಡಿದ್ರಲ್ಲ. ತಪ್ಪಲ್ಲ, ಕಾಂಚನಾ ಬಂದಳಾ. ಬಂದಾಳ್ರಿ, ಹೊರಗ ಕಟ್ಟೀ ಮ್ಯಾಲೆ ಕುಂತಾಳೆ, ಕರದ್ರೆ ಬರವಲ್ಲಳು. ಅವಳ ಕೈಯಲ್ಲೂ ಒಂದು ಎಳೆ ಕೆಚ್ಚಿಸಮ್ಮ, ಒಂದೇ, ನಿಮ್ಮ ಮನೆಯವರ ಹಾಗೆ, ನಾನು ಹೇಳಿದೆ ಅಂತ. ಹೂಂ ಅಂದಳು ಅನಸೂಯ, ತಕ್ಷಣ, ಉಸಿರಿಗೂ ತಡೆಯದೆ, ಆಗ್ಲಿ, ಈಗ್ಲೇ, ಬಂಗಾರದಂಥ ಕೈ ಅವ್ಳದು, ಎಂದಳು, ದನಿ ನಡುಗಿತು, ಫೋನು ಇಟ್ಟಳು. ಇಷ್ಟು ಬೇಗ. ಒಂದು ಸಲವೂ ಬೇಡ ಅನ್ನಲಿಲ್ಲ, ಯೋಚನೆ ಮಾಡಲಿಲ್ಲ, ಕಾಯುತ್ತಿದ್ದವಳ ಹಾಗೆ, ಯಾವುದಕ್ಕೆ ಕಾಯುತ್ತಿದ್ದಳು, ಮಗಳು ಎನ್ನುವುದಕ್ಕೋ, ಖಾಲಿ ಜಾಗಕ್ಕೋ, ಬಂಗಾರದಂಥ ಕೈ ಎಂದಳಲ್ಲ, ತಾಯಿಯೂ ಹಾಗೇ ಅನ್ನುತ್ತಾಳೆ, ಮಗ್ಗದವಳೂ ಹಾಗೇ ಅನ್ನುತ್ತಾಳೆ, ದನಿ ನಡುಗಿದ್ದು ನಿಜ, ನಡುಗಿದ್ದು ಬಸ್ಸೋ, ದನಿಯೋ — ತಳಕಿನ ನಿಲ್ದಾಣ ಬಂತು, ಹೋಯಿತು, ಯಾರೋ ಇಳಿದರು, ಕಂಡಕ್ಟರು ಏನೋ ಕೇಳಿದ, ಗಾಳಿಯಲ್ಲಿ ಶೇಂಗಾ ಹಿಂಡಿಯ ವಾಸನೆ ಇನ್ನೂ ಬಂದಿಲ್ಲ, ಈಗ ಅನಸೂಯ ಕಟ್ಟೆಯ ಹತ್ತಿರ ಹೋಗಿರಬೇಕು, ಬಾರಮ್ಮಾ ಎಂದಿರಬೇಕು, ಹುಡುಗಿ ಎದ್ದಿರಬೇಕು, ಹೊಸ್ತಿಲು ದಾಟಿರಬೇಕು, ಬಟ್ಟಲಿಗೆ ಅದ್ದಿರಬೇಕು, ಚಾಚಿರಬೇಕು, ಇಷ್ಟನ್ನು ಕಾಣಬಹುದು, ಇಷ್ಟರ ತನಕ ಎಲ್ಲ ಸರಿಯಾಗಿ ಕಾಣುತ್ತದೆ, ಇನ್ನೊಂದೇ ಒಂದು, ಇಳಿಯಲಿ, ಮುಟ್ಟಲಿ, ಎಳೆಗಳ ಮೇಲೆ, ಬೂದಿ ಹತ್ತಿದ ಬೆರಳು, ಇಳಿಯಲೊಲ್ಲದು, ಕಣ್ಣು ಮುಚ್ಚಿದರೂ, ಅಲ್ಲೇ, ಎಳೆಗಳ ಮೇಲೆ, ಗಾಳಿಯಲ್ಲಿ, ಬೂದಿ ಹತ್ತಿದ ಬೆರಳು